ಶೀಟಿನ ಮೇಲೆ ಹಾಸಿದ ಬಲೆ

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನನ್ನ ಶೇಖರ ಮಾಮ. ಅಮ್ಮನ ಅಣ್ಣ. ನಮ್ಮ ಕಡೆ ತಾಯಿಯ ಅಣ್ಣನ ಮಾತೇ ಕೊನೆಯ ಮಾತು. ಅಪ್ಪ ಬೇಗ ತೀರಿಹೋದ ಮನೆಯಲ್ಲಂತೂ ಅದರ ಮೇಲೆ ಇನ್ನೊಂದು ಮಾತಿಲ್ಲ. ನಾನು ಬಿ.ಎ.ಗೆ ಸೇರಿದ ದಿನ ಮಂಗಳೂರಿನ ಪಡೀಲಿನ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಕೂತು, ಚಾ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: “ಇವಳು ಡಿಗ್ರಿ ಮುಗಿಸಿದ್ರೆ ನಾನು ನೇತ್ರಾವತಿ ದಾಟಿ ಉಳ್ಳಾಲಕ್ಕೆ ನಡ್ಕೊಂಡು ಹೋಗ್ತೇನೆ. ಬ್ರಿಜ್ಜಲ್ಲಿ ಅಲ್ಲ, ನೀರಿನ ಮೇಲೆ.” ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ನಾನೂ ನಕ್ಕೆ, ಯಾಕೆಂದರೆ ಮಾಮ ಸುಳ್ಳು ಹೇಳಿರಲಿಲ್ಲ. ನನಗೆ ಓದಲು ಬರುತ್ತಿರಲಿಲ್ಲ.

ಕಳೆದ ತಿಂಗಳು ಬಿಜೈಯ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಮೇಲಿನ ಸ್ಪೀಕರಿನಲ್ಲಿ ಯಂತ್ರದ ಹೆಂಗಸಿನ ಸ್ವರವೊಂದು ಊರುಗಳ ಹೆಸರನ್ನು ಹೇಳುತ್ತಿತ್ತು. ಎಲ್ಲ ಊರಿಗೂ ಒಂದೇ ತೂಕ, ಒಂದೇ ಉಸಿರು. ಹೊರಗೆ ಮಳೆ. ಆ ಸ್ವರ, ಆ ಮಳೆ ಒಟ್ಟಿಗೆ ಕಿವಿಗೆ ಬಿದ್ದದ್ದೇ ತಡ, ಡಿಗ್ರಿಯ ಕೊನೆಯ ವರ್ಷದ ಮಳೆಗಾಲ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಿತು. ನನ್ನ ಬಸ್ಸು ಬಂತು, ಹೋಯಿತು. ನಾನು ಏಳಲಿಲ್ಲ.

ಓದಲು ಬರುವುದಿಲ್ಲ ಎಂದರೆ ಅಕ್ಷರ ಗೊತ್ತಿಲ್ಲ ಎಂದಲ್ಲ. ಒಂದೊಂದೇ ಅಕ್ಷರ ತೋರಿಸಿದರೆ ಹೇಳುತ್ತೇನೆ. ಸಾಲಾಗಿ ನಿಲ್ಲಿಸಿದರೆ ಅವು ನಿಲ್ಲುವುದಿಲ್ಲ. ಈ ಒತ್ತಕ್ಷರ ಯಾವ ಅಕ್ಷರದ್ದು ಎಂದು ಹುಡುಕುವಷ್ಟರಲ್ಲಿ ವಾಕ್ಯದ ಮೊದಲರ್ಧ ಮರೆತುಹೋಗಿರುತ್ತದೆ. ಕಣ್ಣು ಜಾರಿ ಕೆಳಗಿನ ಸಾಲಿಗೆ ಬಿದ್ದಿರುತ್ತದೆ. ಹತ್ತನೆಯದನ್ನೂ ಪಿಯುಸಿಯನ್ನೂ ನಾನು ಕಿವಿಯಿಂದ ಪಾಸು ಮಾಡಿದೆ. ಮೊದಲ ಬೆಂಚಿನಲ್ಲಿ ಕೂತು ಪಾಠವನ್ನು ಕೇಳಿಯೇ ಕಟ್ಟಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ಹುಡುಗಿ ಗಟ್ಟಿಯಾಗಿ ಓದುವಾಗ ನಡುಗೋಡೆಗೆ ಒರಗಿ ಕೂರುತ್ತಿದ್ದೆ. ಡಿಗ್ರಿಯಲ್ಲಿ ಆ ಕಸರತ್ತು ಸಾಲಲಿಲ್ಲ. ಅಲ್ಲಿ ಪಾಠಕ್ಕಿಂತ ನೋಟ್ಸ್ ಹೆಚ್ಚು. ಎರಡನೇ ವರ್ಷದಲ್ಲಿ ಪೇಪರುಗಳು ಉಳಿಯತೊಡಗಿದವು. ಮಾಮ ಬಂದು ತೀರ್ಪು ಕೊಟ್ಟರು: “ಕೊನೆಯ ವರ್ಷ ಒಂದು ನೋಡುವ. ಒಂದೇ ಒಂದು ಪೇಪರ್ ಹೋದ್ರೂ ಅಮ್ಮನ ಒಟ್ಟಿಗೆ ಬೀಜದ ಫ್ಯಾಕ್ಟರಿಗೆ ಹೋಗ್ಲಿ.” ಅಮ್ಮ ಗೇರುಬೀಜ ಒಡೆಯುವ ಕೆಲಸದಲ್ಲಿದ್ದಳು. ಬೀಜದ ಎಣ್ಣೆ ತಾಗಿ ತಾಗಿ ಅವಳ ಬೆರಳುಗಳ ತುದಿ ಕಪ್ಪಾಗಿ, ಸುಟ್ಟ ಹಾಗೆ ಇರುತ್ತಿತ್ತು. ಅವಳು ಆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ನನ್ನನ್ನು ಕಂಡುಹಿಡಿದದ್ದು ಅರ್ಥಶಾಸ್ತ್ರಕ್ಕೆ ಬಂದ ಅತಿಥಿ ಉಪನ್ಯಾಸಕಿ ಲವೀನಾ ಮೇಡಂ. ಒಂದು ದಿನ ಸ್ಟಾಫ್ ರೂಮಿಗೆ ಕರೆದು ಪ್ರಶ್ನೆ ಕೇಳಿದರು. ಕೇಳಿದ್ದಕ್ಕೆಲ್ಲ ಬಾಯಲ್ಲಿ ಉತ್ತರ ಹೇಳಿದೆ. ಆಮೇಲೆ ನನ್ನದೇ ಉತ್ತರ ಪತ್ರಿಕೆಯನ್ನು ಮುಂದಿಟ್ಟು, “ಇದನ್ನು ಓದು” ಎಂದರು. ನಾನೇ ಬರೆದದ್ದನ್ನು ಓದಲಾಗದೆ ನಿಂತೆ.

“ನಿನಗೆ ಗೊತ್ತುಂಟು ಅಶ್ವಿನಿ. ನಿನ್ನ ಪೇಪರಿಗೆ ಗೊತ್ತಿಲ್ಲ, ಅಷ್ಟೇ,” ಎಂದರು ಮೇಡಂ.

ಅವರೇ ಪರೀಕ್ಷೆ ಮಾಡಿಸಲು ಆಸ್ಪತ್ರೆಗೆ ಕಳಿಸಿದರು. ಅಮ್ಮ ಬಂದಳು, ಬೈಕಿನಲ್ಲಿ ಕರೆತಂದ ಅಣ್ಣ ಪ್ರವೀಣ ಬಾಗಿಲಿನ ಹತ್ತಿರ ನಿಂತ. ಡಾಕ್ಟರಮ್ಮ ನನ್ನಿಂದ ಓದಿಸಿದರು, ಬರೆಸಿದರು, ಚಿತ್ರ ಜೋಡಿಸಲು ಹೇಳಿದರು. ಕೊನೆಗೆ ಇದು ಬುದ್ಧಿಯ ಕೊರತೆ ಅಲ್ಲ, ಕಲಿಕೆಯ ನ್ಯೂನತೆ, ಹುಟ್ಟಿನಿಂದ ಬರುವಂಥದ್ದು ಎಂದು ವಿವರಿಸಿ ಅಮ್ಮನನ್ನು ಕೇಳಿದರು: “ಮನೆಯಲ್ಲಿ ಬೇರೆ ಯಾರಿಗಾದ್ರೂ ಹೀಗೆ ಉಂಟಾ?”

“ಇಲ್ಲ ಡಾಕ್ಟ್ರೇ,” ಎಂದಳು ಅಮ್ಮ. “ದೊಡ್ಡವನು ಎಂಟನೇಯಲ್ಲೇ ಬಿಟ್ಟ. ಅವನದ್ದು ಬರೀ ಉದಾಸೀನ.”

ಅಣ್ಣ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದ.

ಅಣ್ಣನ ಉದಾಸೀನದ ಕತೆ ನಮ್ಮ ಕೇರಿಗೇ ಗೊತ್ತಿತ್ತು. ಪಾಠ ಓದು ಎಂದು ನಿಲ್ಲಿಸಿದರೆ ನಿಂತೇ ಇರುತ್ತಿದ್ದ. ಶಾಲೆಯಲ್ಲಿ ಬೆತ್ತ, ಮನೆಗೆ ಬಂದರೆ ಮಾಮನ ಬೆಲ್ಟು. ಅಪ್ಪ ಇಲ್ಲದ ಹುಡುಗ ಕೈತಪ್ಪಿ ಹೋಗಬಾರದೆಂದು ಮಾಮ ಕರ್ತವ್ಯದಂತೆ ಹೊಡೆಯುತ್ತಿದ್ದರು. ನನಗೆ ಯಾರೂ ಹೊಡೆಯಲಿಲ್ಲ. ಹುಡುಗಿ ಓದದಿದ್ದರೆ ಮನೆಗೆ ಅಂಥ ನಷ್ಟವಿಲ್ಲ ಎಂಬ ಲೆಕ್ಕದಲ್ಲಿ ನಾನು ಬಚಾವಾದೆ. ಅಣ್ಣ ಬಂದರಿನ ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಗೆ ಸೇರಿದ. ಐಸು ಹೊರುವುದು, ಮೀನಿನ ಕ್ರೇಟು ಎತ್ತುವುದು. ಅವನಿಗೆ ಯಾರಾದರೂ ಮೆಸೇಜು ಹಾಕಿದರೆ ಉತ್ತರವೇ ಬರುತ್ತಿರಲಿಲ್ಲ. ಸ್ವರದಲ್ಲಿ ಕಳಿಸಿದರೆ ಮಾತ್ರ ಸ್ವರದಲ್ಲೇ ಉತ್ತರ. “ಟೈಪ್ ಮಾಡ್ಲಿಕ್ಕೂ ಉದಾಸೀನ ಇವನಿಗೆ,” ಎಂದು ಅವನ ಗೆಳೆಯರು ನಗುತ್ತಿದ್ದರು.

ಮೇಡಂ ನನ್ನ ಫೋನಿಗೆ ಓದಿ ಹೇಳುವ ಆ್ಯಪ್ ಹಾಕಿಕೊಟ್ಟರು. ಫೋನಿಗೆ ಬಂದ ಪಾಠವನ್ನು ತೆರೆದು ಒತ್ತಿದರೆ ಅದು ಓದುತ್ತದೆ; ಓದುತ್ತಿರುವ ಪದದ ಮೇಲೆ ಹಳದಿ ಬಣ್ಣ ಹರಿದುಹೋಗುತ್ತದೆ. ಮೊದಲ ಸಲ ಒಂದಿಡೀ ಪಾಠ ನನಗೆ ಎಲ್ಲೂ ಕಡಿಯದೆ ಸಿಕ್ಕಿದ್ದು ಅಂದು. ಸಿಟಿ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತ ಅತ್ತುಬಿಟ್ಟೆ. ಕಂಡಕ್ಟರ್ ಟಿಕೆಟು ಕೊಡದೆ ಮುಂದೆ ಹೋದ. ಈ ಬರಹವನ್ನೂ ನಾನು ಫೋನಿಗೆ ಹೇಳಿಯೇ ಬರೆಸುತ್ತಿದ್ದೇನೆ, ಅದರಿಂದಲೇ ಓದಿಸಿ ತಿದ್ದುತ್ತೇನೆ. ಅದರಲ್ಲಿ ನಾಚಿಕೆ ಪಡುವಂಥದ್ದು ಇಲ್ಲ ಎಂದು ತಿಳಿಯಲು ನನಗೆ ತುಂಬ ವರ್ಷ ಹಿಡಿಯಿತು.

ಆ ವರ್ಷ ಪರೀಕ್ಷೆಗಳು ಹಿಂದೆ ಬಿದ್ದು ಕೊನೆಯ ಸೆಮಿಸ್ಟರು ಮಳೆಗಾಲದೊಳಗೆ ಬಂದು ಸಿಕ್ಕಿಹಾಕಿಕೊಂಡಿತು. ಮಳೆಗಾಲದಲ್ಲಿ ಬೋಟುಗಳಿಗೆ ಕಡಲಿಗಿಳಿಯಲು ಬಿಡುವುದಿಲ್ಲ, ಅಣ್ಣನಿಗೆ ಕೆಲಸವಿಲ್ಲ. ಆಟಿ ತಿಂಗಳ, ಅಂದರೆ ತುಳುವರ ಆಷಾಢದ ಮಳೆ. ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ. ಅವನು ಜಗಲಿಯ ಚಾಪೆಯ ಮೇಲೆ ಕಣ್ಣುಮುಚ್ಚಿ ಬಿದ್ದಿರುತ್ತಿದ್ದ, ನನ್ನ ಫೋನು ಪಕ್ಕದಲ್ಲಿ ದಿನವಿಡೀ ಓದುತ್ತಿತ್ತು. ಅದಕ್ಕೆ ಅಣ್ಣ ‘ಓದುವ ಅಕ್ಕ’ ಎಂದು ಹೆಸರಿಟ್ಟ. “ಅಕ್ಕನಿಗೆ ಸ್ವಲ್ಪ ನೀರು ಕೊಡು ಮಾರಾಯ್ತಿ, ಬೆಳಿಗ್ಗೆಯಿಂದ ಒಂದೇ ಸಮ ಮಾತಾಡ್ತಾಳೆ,” ಎನ್ನುತ್ತಿದ್ದ.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು ಮುಖ ಕಿವುಚಿಕೊಂಡು ಕೂತಿದ್ದೆವು. ರಾಜ್ಯಶಾಸ್ತ್ರದ ನೋಟ್ಸ್ ಫೋನಿಗೆ ಬಂದಿತ್ತು. ಒತ್ತಿದೆ. ಓದುವ ಅಕ್ಕ ಶುರುಮಾಡಿದಳು: “ಪಿ, ಎ, ಪೌಂಡ್, ಎ, ಕ್ಯೂ, ಎ...”

ಅಣ್ಣ ಎದ್ದು ಕೂತ. “ಇದಕ್ಕೆ ಎಂತ, ಮೈಮೇಲೆ ಬಂತಾ? ಅಮ್ಮ, ಒಂದು ಲೋಟ ಕಷಾಯ ಇದಕ್ಕೂ ಕೊಡು. ಹೊಟ್ಟೆಯಲ್ಲಿ ಎಂತದೋ ಹುಳ ಉಂಟು.”

ನಗುವ ವಿಷಯವಾಗಿರಲಿಲ್ಲ. ಆ ನೋಟ್ಸನ್ನು ಯಾವುದೋ ಕಾಲದಲ್ಲಿ ಟೈಪಿಂಗ್ ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಹೊಡೆಸಿದ್ದರು. ಕಣ್ಣಿಗೆ ಅದು ಚಂದದ ಕನ್ನಡ. ಯಂತ್ರದೊಳಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಓದಬಲ್ಲವರಿಗೆ ಅದು ಎಂದೂ ಗೊತ್ತಾಗುವುದಿಲ್ಲ. ರಾಜ್ಯಶಾಸ್ತ್ರ ವಿಭಾಗದ ನೋಟ್ಸ್ ಎಲ್ಲವೂ ಹಾಗೇ ಇತ್ತು. ರಾಜ್ಯಶಾಸ್ತ್ರದ ಸರ್ ಹತ್ತಿರ ಹೋಗಿ ಬೇರೆ ರೀತಿಯಲ್ಲಿ ಕೊಡಬಹುದೇ ಎಂದು ಕೇಳಿದೆ. “ಕ್ಲಾಸಿನಲ್ಲಿ ಇಷ್ಟು ಜನ ಓದ್ತಾರೆ, ನಿನಗೆ ಒಬ್ಬಳಿಗೆ ಎಂತ ತೊಂದರೆ?” ಎಂದರು. ಕೆಟ್ಟ ಮನುಷ್ಯರಲ್ಲ. ಅವರಿಗೆ ಅರ್ಥವಾಗಲಿಲ್ಲ, ಅರ್ಥಮಾಡಿಸಲು ನನಗೆ ಬರಲಿಲ್ಲ.

ಲವೀನಾ ಮೇಡಂ ಮನೆಯಲ್ಲಿ ಕೂತು ಒಂದೊಂದೇ ಅಧ್ಯಾಯವನ್ನು ಯಂತ್ರ ಓದುವ ಕನ್ನಡಕ್ಕೆ ಬದಲಾಯಿಸಿ, ತಪ್ಪು ತಿದ್ದಿ ಕಳಿಸತೊಡಗಿದರು. ಅರ್ಧ ಆಗಿತ್ತು. ಅಷ್ಟರಲ್ಲಿ ಅತಿಥಿ ಉಪನ್ಯಾಸಕರನ್ನು ಮುಂದುವರಿಸುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿದರು. ಹೋಗುವ ದಿನ ಮೇಡಂ ಅಣ್ಣನನ್ನು ಗೇಟಿನ ಹತ್ತಿರ ಕಂಡು, “ನೀವೂ ಒಮ್ಮೆ ಟೆಸ್ಟ್ ಮಾಡಿಸಿ ಪ್ರವೀಣ್” ಎಂದರು. ಅವನು ಹೆಲ್ಮೆಟ್ಟಿನ ಬೆಲ್ಟು ಹಾಕಿಕೊಳ್ಳುತ್ತ, “ನನಗೆ ಇನ್ನು ಎಂತಕ್ಕೆ ಮೇಡಂ?” ಎಂದ. ಮೇಡಂ ಬೇರೆ ಊರಿಗೆ ಹೋದರು. ಉಳಿದರ್ಧ ನೋಟ್ಸ್ ಪಿ, ಎ, ಪೌಂಡ್ ಎಂದೇ ಉಳಿಯಿತು.

ಆಗ ಅಮ್ಮ ಓದಿದಳು. ಅವಳು ಐದನೇ ಕ್ಲಾಸು. ಫ್ಯಾಕ್ಟರಿಯಿಂದ ಬಂದು, ಕೈ ತೊಳೆದು, ನೆಲದ ಮೇಲೆ ನೋಟ್ಸಿನ ಜೆರಾಕ್ಸ್ ಹರಡಿಕೊಂಡು, ಕಪ್ಪು ಬೆರಳನ್ನು ಸಾಲಿನ ಕೆಳಗಿಟ್ಟು ಓದುತ್ತಿದ್ದಳು. ಅಣ್ಣ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. ‘ಸಾರ್ವಭೌಮತ್ವ’ ಬಂದಾಗ ಅವಳು ಮಳೆನೀರು ತುಂಬಿದ ತೋಡು ದಾಟುವವಳ ಹಾಗೆ ನಿಂತು, ಕಾಲಿಟ್ಟು, ಹಿಂದೆ ತೆಗೆದು, ಕೊನೆಗೆ ಹಾರಿಬಿಡುತ್ತಿದ್ದಳು. ನಾವು ನಗುತ್ತಿದ್ದೆವು. ಅವಳು ಬೈಯುತ್ತಿದ್ದಳು. “ನಿಮ್ಮ ಅಕ್ಕನ ಹಾಗೆ ನನಗೆ ಕರೆಂಟ್ ಇಲ್ಲ, ಆಯ್ತಾ?”

ಒಂದು ಸಂಜೆ ಅವಳು ಓದುತ್ತಿದ್ದಾಗ ಅಣ್ಣ ಕಣ್ಣು ತೆರೆಯದೆಯೇ ಹೇಳಿದ: “ಅಮ್ಮ, ನಿಲ್ಲು. ರಾಜ್ಯಕ್ಕೆ ನಾಲ್ಕು ಅಂಗ ಅಂತ ಹೇಳಿ ಮೂರೇ ಹೇಳಿದ್ದು ನೀನು. ಜನ ಬಂತು, ಜಾಗ ಬಂತು, ಸಾರ್ವಭೌಮತ್ವ ಬಂತು. ಸರ್ಕಾರ ಎಲ್ಲಿ ಹೋಯ್ತು?”

ಅಮ್ಮ ಹುಡುಕಿದಳು. ಒಂದು ಸಾಲು ಬಿಟ್ಟಿದ್ದಳು.

“ಸರ್ಕಾರಕ್ಕೂ ಸಾರ್ವಭೌಮತ್ವಕ್ಕೂ ವ್ಯತ್ಯಾಸ ಎಂತ, ಹೇಳು,” ಎಂದು ಅವನು ನನ್ನನ್ನೇ ಕೇಳಿದ. ನಾನು ತಡವರಿಸಿದೆ. ಅವನು ಮಗ್ಗುಲು ತಿರುಗಿ ಹೇಳಿದ: “ದಕ್ಕೆಯಲ್ಲಿ ಮೀನಿನ ಏಲಂ ಕೂಗ್ತಾನಲ್ಲ, ಅವನು ಸರ್ಕಾರ. ಈ ವರ್ಷ ಇವನು, ಬರುವ ವರ್ಷ ಇನ್ನೊಬ್ಬ. ಆದ್ರೆ ಏಲಂ ಆಗ್ಲೇಬೇಕು, ಅವ ಹೇಳಿದ ಮೇಲೆ ಯಾರೂ ಎದುರು ಮಾತಾಡ್ಲಿಕ್ಕಿಲ್ಲ ಅಂತ ಉಂಟಲ್ಲ, ಅದು ಇನ್ನೊಂದು. ಅದು ಮನುಷ್ಯ ಬದಲಾದ್ರೂ ಹೋಗುದಿಲ್ಲ.” ಆಮೇಲೆ ಹಿಂದಿನ ವಾರ ಫೋನು ಓದಿದ್ದ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ತುಳುವಿನಲ್ಲಿ ಹೇಳಿ ಮುಗಿಸಿದ. ಅವನು ಅದನ್ನು ಕೇಳಿದ್ದು ಒಂದೇ ಸಲ.

ಅಮ್ಮ ಕಾಗದದಿಂದ ಬೆರಳು ತೆಗೆದಳು. ಅವಳ ಮುಖ ನೋಡಿದೆ. ಆಸ್ಪತ್ರೆಯಲ್ಲಿ ತಾನು ಹೇಳಿದ್ದು ಆಗ ಅವಳಿಗೇ ತಿರುಗಿ ಕೇಳಿಸಿರಬೇಕು. ಅವಳು ಎದ್ದು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಒಲೆ ಹಚ್ಚಿರಲಿಲ್ಲ. ಅಣ್ಣ ರೆಕಾರ್ಡಿಂಗ್ ನಿಲ್ಲಿಸಿ, ಲುಂಗಿ ಸರಿಮಾಡಿಕೊಂಡು ಮಳೆಯಲ್ಲೇ ಅಂಗಡಿ ಕಡೆ ಹೊರಟ. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಿದರೆ ಎಲ್ಲಿ ಇಡುವುದು ಎಂದು ಯಾರಿಗೂ ಗೊತ್ತಿರಲಿಲ್ಲ.

ಪರೀಕ್ಷೆಗೆ ಫೋನು ಬಿಡುವುದಿಲ್ಲ ಎಂದರು ಕಾಲೇಜಿನವರು. ಅದರಲ್ಲಿ ಓದುವ ಆ್ಯಪನ್ನೂ ಅವರೇ ಹಾಕಿಕೊಡುವ ಪ್ರಶ್ನೆಪತ್ರಿಕೆಯನ್ನೂ ಮಾತ್ರ ಇಟ್ಟು, ಸಿಮ್ ತೆಗೆದು, ಅವರ ಮೇಜಿನ ಮೇಲೇ ಇಡುತ್ತೇನೆಂದೆ. ಆಗುವುದಿಲ್ಲ. ಕಾನೂನಿನ ಪ್ರಕಾರ ಹೆಚ್ಚಿನ ಸಮಯ ಕೊಡುತ್ತೇವೆ, ಪ್ರಶ್ನೆ ಓದಿ ಹೇಳಲು ಒಬ್ಬರನ್ನು ಕೊಡುತ್ತೇವೆ ಎಂದರು. ಕೊಟ್ಟರು ಕೂಡ. ಮೊದಲ ವರ್ಷದ ಹುಡುಗಿ, ಒಳ್ಳೆಯವಳು. ಗಟ್ಟಿಯಾಗಿ ಓದಿದರೆ ಬೇರೆಯವರಿಗೆ ತೊಂದರೆ ಎಂದು ನಮ್ಮಿಬ್ಬರನ್ನು ಕಾಲೇಜಿನ ಹಿಂದೆ ಆಟದ ಸಾಮಾನು ಇಡುವ ಕೋಣೆಯಲ್ಲಿ ಕೂರಿಸಿದರು. ಮೇಲೆ ತಗಡಿನ ಶೀಟು.

ಮೊದಲ ಪೇಪರಿನ ಗಂಟೆ ಹೊಡೆದದ್ದೂ ಮಳೆ ಸುರಿದದ್ದೂ ಒಟ್ಟಿಗೆ. ಮಂಗಳೂರಿನ ಮಳೆ ಶೀಟಿನ ಮೇಲೆ ಬಿದ್ದರೆ ಏನಾಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹುಡುಗಿ ಓದಿದಳು. ಬಾಯಿ ಅಲ್ಲಾಡುವುದು ಮಾತ್ರ ಕಂಡಿತು. ಕಿವಿಯ ಹತ್ತಿರ ಬಂದು ಕೂಗಿದಳು. “ಅಕ್ಕಾ, ನನ್ನ ಸ್ವರ ನನಗೇ ಕೇಳುದಿಲ್ಲ,” ಎಂದು ಕೊನೆಗೆ ಅಳುವ ಹಾಗಾದಳು. ಕಾದೆವು. ಮಳೆ ನಿಲ್ಲಲಿಲ್ಲ. ಪ್ರಶ್ನೆಪತ್ರಿಕೆಯನ್ನು ಎಳೆದುಕೊಂಡು ನಾನೇ ಓದಲು ಹೋದೆ. ಸಾಲುಗಳು ಜಾರಿದವು. ಒಂದು ಪ್ರಶ್ನೆಯ ತಲೆಗೆ ಇನ್ನೊಂದರ ಬಾಲ ಸೇರಿಸಿಕೊಂಡು, ಯಾರೂ ಕೇಳದ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆದೆ. ಅದು ಗೊತ್ತಾದದ್ದು ಹೊರಗೆ ಬಂದ ಮೇಲೆ.

ಮನೆಯಲ್ಲಿ ಊಟ ಬೇಡವೆಂದು ಮಲಗಿದೆ. ಅಣ್ಣ ಬಂದು ಕೇಳಿದ್ದು ಒಂದೇ: “ಮೇಲೆ ಎಂತ ಹಾಕಿದ್ದು? ಹಂಚಾ, ಶೀಟಾ?”

ಮರುದಿನ ಭಾನುವಾರ. ಅವನೂ ದಕ್ಕೆಯ ಇಬ್ಬರು ಗೆಳೆಯರೂ ಗೂಡ್ಸ್ ಆಟೋದಲ್ಲಿ ಹರಿದ ಹಳೆಯ ಬಲೆಗಳನ್ನೂ ಗೋಣಿಚೀಲಗಳನ್ನೂ ತುಂಬಿಕೊಂಡು ಕಾಲೇಜಿಗೆ ಹೊರಟರು. ನಾನೂ ಹತ್ತಿ ಕೂತೆ. ವಾಚ್‌ಮನ್ ಗೇಟು ತೆರೆಯಲಿಲ್ಲ.

“ಯಾರು ಹೇಳಿದ್ದು ನಿಮಗೆ?”

“ಪ್ರಿನ್ಸಿಪಾಲ್ರು.”

“ಲೆಟರ್ ಉಂಟಾ?”

“ಲೆಟರ್ ಓದ್ಲಿಕ್ಕೆ ಬರ್ತಿದ್ರೆ ನಾನು ಮೀನು ಹೊರ್ತಿದ್ನಾ ಮಾರಾಯ್ರೆ?” ಎಂದ ಅಣ್ಣ.

ವಾಚ್‌ಮನ್ ನಕ್ಕು ಗೇಟು ಬಿಟ್ಟರು. ಮೂವರೂ ನೆನೆಯುತ್ತ ಮೇಲೆ ಹತ್ತಿ ಮೊದಲು ಗೋಣಿ ಹಾಸಿದರು, ಅದರ ಮೇಲೆ ಬಲೆಯನ್ನು ಪದರ ಪದರವಾಗಿ ಹರಡಿ, ಅಂಚಿಗೆ ಕಲ್ಲು ಕಟ್ಟಿ ಬಿಗಿದರು. ದಕ್ಕೆಯಲ್ಲಿ ಮಳೆಗಾಲಕ್ಕೆ ಏಲಂ ಕೂಗುವ ಶೆಡ್ಡಿನ ಮೇಲೆ ಹೀಗೇ ಹಾಸುತ್ತಾರಂತೆ. ಇಲ್ಲದಿದ್ದರೆ ಕೂಗಿದ್ದು ಯಾರಿಗೂ ಕೇಳುವುದಿಲ್ಲವಂತೆ.

ಸೋಮವಾರ ಮತ್ತೆ ಅದೇ ಮಳೆ. ಆದರೆ ಒಳಗೆ ಅದು ಕಂಬಳಿಯ ಆಚೆ ಬೀಳುತ್ತಿರುವ ಹಾಗೆ. ಹುಡುಗಿ ಓದಿದಳು, ನನಗೆ ಕೇಳಿತು. ಇಡೀ ಕೋಣೆ ಒಣಮೀನಿನ ವಾಸನೆ. ಪರೀಕ್ಷಾ ಮುಖ್ಯಸ್ಥರು ಬಾಗಿಲಲ್ಲಿ ಮೂಗು ಮುಚ್ಚಿ ನಿಂತು, “ಇಲ್ಲಿ ಎಂತ ಸತ್ತದ್ದು?” ಎಂದು ಕೇಳಿದರು. ಹುಡುಗಿ ನಗು ತಡೆಯಲಾಗದೆ ಪ್ರಶ್ನೆಪತ್ರಿಕೆಯನ್ನು ಮುಖಕ್ಕೆ ಹಿಡಿದಳು. ನಾನು ಬರೆಯುತ್ತಲೇ ಇದ್ದೆ.

ಫಲಿತಾಂಶ ಬಂತು. ಬಲೆಯ ಕೆಳಗೆ ಬರೆದ ಪೇಪರುಗಳೆಲ್ಲ, ಎರಡನೇ ವರ್ಷದಿಂದ ಉಳಿದವೂ ಸೇರಿ, ಪಾಸು. ಮೊದಲನೆಯದು, ರಾಜ್ಯಶಾಸ್ತ್ರ, ಫೇಲು. ಮಾಮ ಬಂದರು, ಬೈಯಲಿಲ್ಲ. “ಹೇಳಿದ್ದಲ್ವಾ” ಎಂದು ಅಮ್ಮನಿಗೆ ಮೆಲ್ಲಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಮರುವಾರದಿಂದ ನಾನು ಅಮ್ಮನ ಪಕ್ಕದಲ್ಲಿ ಕೂತು ಗೇರುಬೀಜ ಒಡೆದೆ. ಬೀಜದ ಎಣ್ಣೆ ಮೊದಲು ಉರಿಯುತ್ತದೆ, ಆಮೇಲೆ ಚರ್ಮ ಸುಲಿಯುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಆ ತಿಂಗಳುಗಳಲ್ಲಿ ಮನಸ್ಸಿಗೂ ಹಾಗೇ ಆಯಿತು. ಕಿವಿಯಲ್ಲಿ ಮಾತ್ರ ಅಮ್ಮ ಓದಿದ ರೆಕಾರ್ಡಿಂಗ್ ಓಡುತ್ತಿತ್ತು. ಪಕ್ಕದಲ್ಲಿ ಅಮ್ಮ ಬಾಯಿ ಮುಚ್ಚಿ ಬೀಜ ಒಡೆಯುತ್ತಿದ್ದಳು, ಕಿವಿಯೊಳಗೆ ಅವಳೇ ಸಾರ್ವಭೌಮತ್ವ ದಾಟುತ್ತಿದ್ದಳು.

ಚಳಿಗಾಲದಲ್ಲಿ, ಮಳೆಯಿಲ್ಲದ ದಿನ, ಅದೇ ಕೋಣೆಯಲ್ಲಿ ಆ ಪೇಪರನ್ನು ಮತ್ತೆ ಬರೆದು ಪಾಸಾದೆ. ಕಡಿಮೆ ಅಂಕ. ಆದರೂ ಪಾಸು. ನಮ್ಮ ಕುಟುಂಬದಲ್ಲಿ, ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ, ಡಿಗ್ರಿ ಮಾಡಿದ ಮೊದಲ ವ್ಯಕ್ತಿ ನಾನು. ಇದನ್ನು ನಾನು ತಗ್ಗಿಸಿ ಹೇಳುವುದಿಲ್ಲ.

ಸರ್ಟಿಫಿಕೇಟ್ ಬಂದಾಗ ಕಾಲೇಜಿನ ಕಿಟಕಿಯಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟರು. ಚಪ್ಪಾಳೆ ಇಲ್ಲ, ಗೌನು ಇಲ್ಲ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೇರ ಬಂದರಿಗೆ ಹೋದೆ. ಬೋಟು ಖಾಲಿಯಾಗುವ ಹೊತ್ತು. ಅಣ್ಣ ಮಂಡಿಯವರೆಗೆ ಬೂಟು ಹಾಕಿ ಐಸಿನ ರಾಶಿಯ ಮೇಲೆ ನಿಂತಿದ್ದ. ಕೈಯನ್ನು ಬನಿಯನ್ನಿಗೆ ಒರೆಸಿದ, ಮತ್ತೆ ಒರೆಸಿದ, ಆಮೇಲೆ ಎರಡು ಬೆರಳುಗಳಲ್ಲಿ ಅದರ ಅಂಚು ಹಿಡಿದ. ಅವನ ಗೆಳೆಯ ಹಿಂದಿನಿಂದ ಇಣುಕಿ, “ಎಂತ ಬರ್ದಿದೆ ಅದ್ರಲ್ಲಿ?” ಎಂದು ಕೇಳಿದ. ಅಣ್ಣ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಆ ತುಂಬಿದ ಸಾಲುಗಳನ್ನು ಅಲ್ಲಿ ನಿಂತು ಓದುವುದು ಇಬ್ಬರಿಗೂ ಆಗುವಂತಿರಲಿಲ್ಲ.

“ಪಾಸ್ ಅಂತ ಬರ್ದಿದೆ,” ಎಂದ ಅಣ್ಣ. ಗೆಳೆಯ ನನ್ನ ಬೆನ್ನು ತಟ್ಟಿ ಕ್ರೇಟು ಎತ್ತಿಕೊಂಡು ಹೋದ.

ಅಣ್ಣ ಸರ್ಟಿಫಿಕೇಟನ್ನು ನನ್ನ ಕೈಗೆ ಹಿಂದೆ ಕೊಟ್ಟ. ಐಸಿನ ಕಡೆ ತಿರುಗಿದವನು ಹಾಗೆಯೇ ನಿಂತು, ನನ್ನ ಕಡೆ ನೋಡದೆ ಹೇಳಿದ:

“ಡಾಕ್ಟ್ರಮ್ಮ ಹೇಳಿದ್ದು ಹೀಗೊಂದು ಉಂಟು ಅಂತ ನಾನು ಶಾಲೆಯಲ್ಲಿ ಇರುವಾಗ್ಲೇ ಯಾರಾದ್ರೂ ಹೇಳಿದ್ದಿದ್ರೆ, ಓದು ಬರ್ತಿತ್ತೋ ಇಲ್ವೋ ಗೊತ್ತಿಲ್ಲ. ಪೆಟ್ಟಾದ್ರೂ ಸ್ವಲ್ಪ ಕಮ್ಮಿ ಬೀಳ್ತಿತ್ತು, ಅಲ್ವಾ?”